ಹೆಸರು ಕಡಲಿಗೆ, ನೀರು ನಮಗೆ

ಕಡಲಿನಲ್ಲಿ ಹುಟ್ಟುವ ಗಾಳಿಗೆ ಹೆಸರಿಡೋದಕ್ಕೆ ಹದಿಮೂರು ದೇಶಗಳು ಕೂತಿವೆ. ನಮ್ಮ ಹೊಲಕ್ಕೆ ನುಗ್ಗಿದ ನೀರಿಗೆ ಹೆಸರಿಡೋದಕ್ಕೆ ಒಬ್ಬ ತಲಾರಿಯೂ ಇಲ್ಲ. ಇದು ನನ್ನ ತಕರಾರು. ಇದನ್ನೇ ಇಲ್ಲಿ ಬಿಡಿಸಿ ಹೇಳ್ತೀನಿ.

ನಾನು ಏಳನೇ ಕ್ಲಾಸು ಓದಿದವನು. ರಾಗಿ, ಮರಗೆಣಸು ಬೆಳೀತೀನಿ, ಮಾದಪ್ಪನ ಪದ ಹಾಡ್ತೀನಿ. ಗಾಳಿ ಮಳೆಯ ಶಾಸ್ತ್ರ ನಿನಗೇನು ಗೊತ್ತು ಅಂತ ಕೇಳಬಹುದು. ಮಳೆಯ ಲೆಕ್ಕ ನನಗೆ ಹೊಲ ಕಲಿಸಿದೆ. ಉಳಿದದ್ದನ್ನು ನಮ್ಮ ವಾಚನಾಲಯದ ಪತ್ರಿಕೆಗಳಲ್ಲಿ ಓದಿದೆ. ಹೆಸರಿನ ಪಟ್ಟಿಯನ್ನು ಕಾಲೇಜಿಗೆ ಹೋಗೋ ಮೊಮ್ಮಗಳು ಕೂತು ಓದಿ ಹೇಳಿದಳು. ಪದ ಹಾಡೋನಿಗೆ ಹೆಸರು ಅಂದ್ರೆ ಬಂಡವಾಳ. ಹೆಸರು ತಪ್ಪಿದರೆ ಪದ ಕೆಡುತ್ತೆ. ಅದಕ್ಕೇ ಈ ಹೆಸರಿನ ವ್ಯವಹಾರದ ಮೇಲೆ ನನ್ನ ಕಣ್ಣು ಬಿತ್ತು.

ಮೊದಲು ಅವರ ಕಟ್ಟಳೆ ಕೇಳಿ. ಬಂಗಾಳ ಕೊಲ್ಲಿ, ಅರಬ್ಬೀ ಸಮುದ್ರದ ಚಂಡಮಾರುತಗಳಿಗೆ ಹೆಸರಿಡೋ ಪದ್ಧತಿ ಶುರುವಾದದ್ದು 2004ರಲ್ಲಿ. ಆಗ ಎಂಟು ದೇಶಗಳು ಸೇರಿ 64 ಹೆಸರು ಕೊಟ್ಟವು. ಮೊದಲನೆಯದು ಬಾಂಗ್ಲಾದೇಶ ಕೊಟ್ಟ ಓನಿಲ್, ಕೊನೆಯದು ಥಾಯ್ಲೆಂಡ್ ಕೊಟ್ಟ ಅಂಫಾನ್. ಅಂಫಾನ್ ಬಂದದ್ದು 2020ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಹೊಸ ಪಟ್ಟಿ ತಯಾರಾಗಿತ್ತು: 13 ದೇಶ, ದೇಶಕ್ಕೆ 13 ಹೆಸರು, ಒಟ್ಟು 169. ಹೆಸರು ಚಿಕ್ಕದಿರಬೇಕು, ಎಂಟು ಇಂಗ್ಲಿಷ್ ಅಕ್ಷರ ದಾಟಬಾರದು, ಯಾರ ಮನಸ್ಸಿಗೂ ನೋವಾಗಬಾರದು. ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಮಾತ್ರ ಹೆಸರು. ಅದಕ್ಕಿಂತ ಕಡಿಮೆ ಇದ್ದರೆ ಬರೀ 'ವಾಯುಭಾರ ಕುಸಿತ'. ಮತ್ತೆ ಇನ್ನೊಂದು ಕಟ್ಟಳೆ: ನಮ್ಮ ಕಡಲಿನಲ್ಲಿ ಒಂದು ಸಲ ಬಳಸಿದ ಹೆಸರನ್ನು ಮತ್ತೆ ಬಳಸೋ ಹಾಗಿಲ್ಲ.

ಕಟ್ಟಳೆ ಚೆನ್ನಾಗಿಯೇ ಇದೆ. ಆದರೆ ಅದರಲ್ಲಿ ಎಲ್ಲ ಲೆಕ್ಕವೂ ಗಾಳಿಯದು. ನೀರಿನ ಲೆಕ್ಕ ಎಲ್ಲಿದೆ? ಹೆಸರು ಬರೋದೂ ಗಾಳಿಯಿಂದ, ಹೋಗೋದೂ ಗಾಳಿಯಿಂದ. ಕಡಲ ತೀರದಿಂದ ದೂರ ಇರೋ ನಮ್ಮ ಧರ್ಮಪುರಿ, ಸೇಲಂ ಸೀಮೆಗೆ ಗಾಳಿ ಬರೋ ಹೊತ್ತಿಗೆ ಅದು ಸುಸ್ತಾಗಿರುತ್ತೆ. ಆದರೆ ಹೊತ್ತು ತಂದ ನೀರನ್ನು ಎಲ್ಲಿ ಇಳಿಸುತ್ತೆ? ಇಲ್ಲೇ.

2024ರ ಸಂಗತಿ ನೆನಪು ಮಾಡಿಕೊಳ್ಳಿ. ಸೌದಿ ಅರೇಬಿಯಾ ಕೊಟ್ಟ ಹೆಸರು, ತಮಿಳು ಪತ್ರಿಕೆಯಲ್ಲಿ ಫೆಂಜಲ್, ಕನ್ನಡ ಪತ್ರಿಕೆಯಲ್ಲಿ ಫೆಂಗಲ್. ನವೆಂಬರ್ 30ರ ಸಂಜೆಯಿಂದ ರಾತ್ರಿಯೊಳಗೆ ಅದು ಪುದುಚೇರಿ ಹತ್ತಿರ ದಡ ದಾಟಿತು. ಟೀವಿಯಲ್ಲಿ ಎಲ್ಲಾ ಅದನ್ನೇ ತೋರಿಸಿದರು. ದಾಟಿತು ಅಂದ ಕೂಡಲೇ ನಮ್ಮ ಕಡೆ ಜನ 'ಅಬ್ಬಾ, ಮುಗೀತು' ಅಂದುಕೊಂಡು ಮಲಗಿದರು. ಮಾರನೇ ದಿನ, ಡಿಸೆಂಬರ್ 1ರಂದು, ಗಾಳಿ ಇಳಿಯಿತು. ಚಂಡಮಾರುತ ಹೋಗಿ ಕುಸಿತ ಆಯ್ತು. ಆವತ್ತಿಂದ ಅದಕ್ಕೆ 'ಫೆಂಗಲ್‌ನ ಉಳಿಕೆ' ಅಂತ ಹೆಸರು. ಉಳಿಕೆ ಅಂದ್ರೆ ಏನು? ಉಂಡು ಬಿಟ್ಟ ಎಂಜಲು.

ಆ ಎಂಜಲು ಏನು ಮಾಡಿತು ಗೊತ್ತಲ್ಲ. ಡಿಸೆಂಬರ್ 2ರ ಬೆಳಿಗ್ಗೆ ಎಂಟೂವರೆಗೆ ಲೆಕ್ಕ ತೆಗೆದಾಗ ಊತ್ತಂಗರೆಯಲ್ಲಿ ಒಂದೇ ದಿನಕ್ಕೆ 50 ಸೆಂಟಿಮೀಟರ್ ಮಳೆ. ನಮ್ಮ ಹರೂರಿನಲ್ಲಿ 33. ವರ್ಷವಿಡೀ ಸೇರಿದರೆ ಸುಮಾರು 85 ಸೆಂಟಿಮೀಟರ್ ಬೀಳೋ ಸೀಮೆ ಇದು. ಅರ್ಧ ವರ್ಷದ ಮಳೆಯನ್ನು ಒಂದು ರಾತ್ರಿ ಒಂದು ಹಗಲಲ್ಲಿ ಸುರಿದರೆ ಯಾವ ಕೆರೆ ತಡೆಯುತ್ತೆ? ಊತ್ತಂಗರೆಯಲ್ಲಿ ಕೆರೆ ಕೋಡಿ ಬಿದ್ದು ರಸ್ತೆ ಬದಿ ನಿಲ್ಲಿಸಿದ್ದ ವ್ಯಾನು ಕಾರುಗಳು ಕಾಗದದ ದೋಣಿ ಥರ ತೇಲಿಹೋದವು. ಏರ್ಕಾಡು ಘಾಟಿಯಲ್ಲಿ ಮಣ್ಣು ಜಾರಿತು. ತಿರುವಣ್ಣಾಮಲೆಯಲ್ಲಿ ಬೆಟ್ಟ ಜಾರಿ ಮನೆ ಮೇಲೆ ಬಿದ್ದು ಏಳು ಜೀವ ಹೋಯ್ತು. ಪುದುಚೇರಿಯಿಂದ ಊತ್ತಂಗರೆಗೆ ರಸ್ತೆಯಲ್ಲಿ ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರ ಬಂದಮೇಲೂ ಎಂಜಲಲ್ಲಿ ಇಷ್ಟು ಸತ್ತ್ವ ಇತ್ತು!

ನನ್ನ ಒಂದೂವರೆ ಎಕರೆ ಮರಗೆಣಸು ಐದು ದಿನ ನೀರಲ್ಲಿ ನಿಂತಿತು. ಕಿತ್ತು ನೋಡಿದರೆ ಗೆಡ್ಡೆ ಬೆಂದ ಹಾಗೆ ಮೆತ್ತಗಾಗಿತ್ತು. ಕೊಳೆತ ಗೆಡ್ಡೆಯನ್ನು ಸಬ್ಬಕ್ಕಿ ಮಿಲ್ಲಿನವರು ತೂಕಕ್ಕೂ ಇಡೋದಿಲ್ಲ. ಅರ್ಜಿ ಹಿಡಿದು ಒಂದು ಕಚೇರಿಗೆ ಹೋದೆ. ಅಲ್ಲಿದ್ದ ಹುಡುಗ ಮರ್ಯಾದೆಯಿಂದಲೇ ಮಾತಾಡಿದ. "ಪುಯಲ್ ಬಂದದ್ದು ಕಡಲ ಕಡೆ ಅಲ್ವಾ ತಾತಾ, ನಿಮ್ಮ ಕಡೆ ಬಂದದ್ದು ಬರೀ ಮಳೆ" ಅಂದ. ಬರೀ ಮಳೆ! ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕಾಗದದಲ್ಲಿ ಹಾಗೆ ಇತ್ತು, ಹಾಗೆ ಹೇಳಿದ. ಹೆಸರು ದಡದಲ್ಲೇ ಕಳಚಿಕೊಂಡು ಬಿದ್ದಿದೆ, ನಮ್ಮ ಹತ್ತಿರ ಬರೋವಾಗ ಅದು ಹೆಸರಿಲ್ಲದ ಪರದೇಶಿ. ಹೆಸರಿಲ್ಲದ ಕಳ್ಳನ ಮೇಲೆ ಯಾವ ಠಾಣೆಯಲ್ಲಿ ದೂರು ಬರೆಸೋದು?

ಇನ್ನು ಕಡಲ ತೀರದ ಅಣ್ಣಂದಿರೂ ಇದನ್ನು ಕೇಳಬೇಕು. ಹರೂರು, ಊತ್ತಂಗರೆ ಕಡೆ ಬಿದ್ದ ನೀರು ಎಲ್ಲಿಗೆ ಹೋಗುತ್ತೆ? ಪೆಣ್ಣೆ ಹೊಳೆಗೆ. ನಂದಿ ಬೆಟ್ಟದ ಕಡೆ ಹುಟ್ಟುವಾಗ ಅದು ದಕ್ಷಿಣ ಪಿನಾಕಿನಿ, ನಮ್ಮ ಕಡೆ ತೆನ್‌ಪೆಣ್ಣೆ, ಪೊನ್ನೈಯಾರು. ಹೊಳೆ ಒಂದೇ, ಹೆಸರು ಮೂರು. ಆ ನೀರೆಲ್ಲ ಸಾತನೂರು ಅಣೆಕಟ್ಟು ಸೇರಿತು. ಡಿಸೆಂಬರ್ 2ರ ಬೆಳಗಿನ ಜಾವ ಅಲ್ಲಿಂದ ಸೆಕೆಂಡಿಗೆ ಒಂದೂವರೆ ಲಕ್ಷ ಘನ ಅಡಿಗೂ ಹೆಚ್ಚು ನೀರು ಬಿಟ್ಟರು. ಅದು ವಿಲ್ಲುಪುರಂ, ಕಡಲೂರು ಜಿಲ್ಲೆಯ ಊರುಗಳಿಗೆ ನುಗ್ಗಿತು. ನೋಡಿ ಕೌತುಕ! ಕಡಲಿಂದ ಹೆಸರು ಹೊತ್ತು ಬಂದ ಗಾಳಿ ಮೇಲೆ ಬಂದು ಹೆಸರು ಕಳಕೊಂಡಿತು. ಹೆಸರು ಕಳಕೊಂಡ ನೀರು ಹೊಳೆಯಾಗಿ ಕೆಳಗೆ ಇಳಿದು ಮತ್ತೆ ಕಡಲ ಸೀಮೆಯನ್ನೇ ಮುಳುಗಿಸಿತು. ಮೇಲಿನವರ ಮಳೆಯನ್ನು 'ಬರೀ ಮಳೆ' ಅಂದವರ ಮನೆ ಬಾಗಿಲಿಗೇ ಆ ಬರೀ ಮಳೆ ಬಂದು ನಿಂತಿತು.

ಈಗ ಒಂದೇ ಹೆಸರಿನ ಗಾಳಿಗಳ ಕಥೆಗೆ ಬರ್ತೀನಿ. ನಮ್ಮ ಕಡಲಿನಲ್ಲಿ ಹೆಸರು ಮರುಕಳಿಸೋದಿಲ್ಲ ಅಂದೆ. ಆದರೆ ಬೇರೆ ಕಡಲಿನವರ ಪಟ್ಟಿ ಬೇರೆ. 2008ರ ನವೆಂಬರಿನಲ್ಲಿ ಕಾರೈಕಾಲ್ ಹತ್ತಿರ ದಡ ದಾಟಿದ ನಿಶಾ ನೆನಪಿದೆಯಾ? ತಂಜಾವೂರು ಜಿಲ್ಲೆಯ ಒರತ್ತನಾಡಿನಲ್ಲಿ ಒಂದೇ ದಿನ 66 ಸೆಂಟಿಮೀಟರ್ ಸುರಿಯಿತು. ಅದೇ ನಿಶಾ ಅನ್ನೋ ಹೆಸರಿನ ಗಾಳಿಗಳು ಆಸ್ಟ್ರೇಲಿಯಾದಿಂದ ಆಚೆಗಿನ ದಕ್ಷಿಣ ಶಾಂತ ಸಾಗರದಲ್ಲಿ 1983ರಲ್ಲಿ, 1993ರಲ್ಲಿ, 2010ರಲ್ಲಿ ಬಂದಿವೆ. ಅವಕ್ಕೂ ನಮ್ಮ ನಿಶಾಗೂ ರಕ್ತ ಸಂಬಂಧ ಇಲ್ಲ. ಹೆಸರೊಂದೇ ಒಂದು.

ಅಮೆರಿಕದ ಕಡೆಯ ಅಟ್ಲಾಂಟಿಕ್ ಕಡಲಿನ ಪದ್ಧತಿ ಇನ್ನೂ ಬೇರೆ. ಅಲ್ಲಿ ಆರು ಪಟ್ಟಿ. ಆರು ವರ್ಷಕ್ಕೊಮ್ಮೆ ಅದೇ ಪಟ್ಟಿ ತಿರುಗಿ ಬರುತ್ತೆ. ಕತ್ರೀನಾ ಅನ್ನೋ ಹೆಸರು 1981ರಲ್ಲಿ ಬಂತು, 1999ರಲ್ಲಿ ಬಂತು, ದೊಡ್ಡ ಹಾನಿ ಮಾಡಲಿಲ್ಲ, ಯಾರೂ ನೆನಪಿಟ್ಟುಕೊಳ್ಳಲಿಲ್ಲ. 2005ರಲ್ಲಿ ಮೂರನೇ ಕತ್ರೀನಾ ಬಂದು ನ್ಯೂ ಆರ್ಲಿಯನ್ಸ್ ಪಟ್ಟಣ ಮುಳುಗಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಂಥ ಪಾಪದ ಹೆಸರು ಮತ್ತೆ ಬೇಡ ಅಂತ ಅದನ್ನು ಪಟ್ಟಿಯಿಂದ ತೆಗೆದು ಕತಿಯಾ ಅನ್ನೋ ಹೆಸರು ಹಾಕಿದರು.

ಇಲ್ಲಿ ನನಗೊಂದು ಪ್ರಶ್ನೆ. ನ್ಯೂ ಆರ್ಲಿಯನ್ಸ್ ಮುಳುಗಿದ್ದು ಯಾಕೆ? ಪಟ್ಟಣದ ಸುತ್ತ ಕಟ್ಟಿದ್ದ ಏರಿಗಳು ಒಡೆದದ್ದಕ್ಕೆ. ಏರಿ ಸರಿಯಾಗಿ ಕಟ್ಟಿರಲಿಲ್ಲ ಅಂತ ಆಮೇಲೆ ಅಲ್ಲಿನ ಇಂಜಿನಿಯರುಗಳೇ ತನಿಖೆ ಮಾಡಿ ಬರೆದಿದ್ದಾರೆ. ಅಂದಮೇಲೆ ತಪ್ಪು ಏರಿಯದು, ಶಿಕ್ಷೆ ಹೆಸರಿಗೆ! ನಮ್ಮ ಊರಲ್ಲಿ ಕಳ್ಳ ಓಡಿಹೋದರೆ ಅವನ ಚಪ್ಪಲಿಯನ್ನು ಕಂಬಕ್ಕೆ ಕಟ್ಟಿ ಹೊಡೆಯೋ ಹಾಗೆ ಇದು. ಹೆಸರನ್ನು ಹೂತುಬಿಟ್ಟರೆ ಕಥೆ ಮುಗೀತು, ಏರಿ ಕಟ್ಟಿದವನನ್ನು ಕೇಳೋರಿಲ್ಲ.

ನಮ್ಮ ಪದ್ಧತಿ ಇದಕ್ಕೆ ತಿರುಗಾಮುರುಗಾ. ಅಜ್ಜ ಸತ್ತರೆ ಅವನ ಹೆಸರನ್ನು ಮೊಮ್ಮಗನಿಗೆ ಇಡ್ತೀವಿ. ಯಾಕೆ? ಹೆಸರು ಕರೆದಾಗೆಲ್ಲ ಅಜ್ಜನ ನೆನಪು ಬರಲಿ, ಅವನು ಮಾಡಿದ ಸಾಲವೂ ಕಟ್ಟಿದ ಬಾವಿಯೂ ನೆನಪಿರಲಿ ಅಂತ. ಮಾದಪ್ಪನ ಬೆಟ್ಟ ನಮಗೆ ಹತ್ತಿರ, ಹಾಗಾಗಿ ಊರಿಗೆ ಐದಾರು ಜನ ಮಾದಪ್ಪರು ಇರ್ತಾರೆ. ಗೊಂದಲ ಆಗುತ್ತಾ? ಇಲ್ಲ. ಕೋಡಿ ಮಾದಪ್ಪ, ಕುಳ್ಳ ಮಾದಪ್ಪ, ಅರಳಿಮರದ ಮಾದಪ್ಪ ಅಂತ ಕರೀತೀವಿ. ಒಂದೇ ಹೆಸರು ಇದ್ದರೆ ಜಾಗ ಸೇರಿಸಿದರಾಯ್ತು. ಜಾಗ ಸೇರಿದ ಹೆಸರು ಯಾವತ್ತೂ ಸುಳ್ಳಾಗೋದಿಲ್ಲ.

2004ಕ್ಕೆ ಮುಂಚೆ ನಮ್ಮ ಕೊಲ್ಲಿಯ ಗಾಳಿಗಳಿಗೂ ಜನ ಜಾಗದ ಹೆಸರನ್ನೇ ಇಟ್ಟಿದ್ದರು. 1964ರ ಡಿಸೆಂಬರಿನಲ್ಲಿ ರೈಲನ್ನೇ ನುಂಗಿದ್ದು ಧನುಷ್ಕೋಡಿ ಗಾಳಿ. 1977ರ ನವೆಂಬರಿನದು ಆಂಧ್ರದ ದಿವಿಸೀಮೆ ಉಪ್ಪೆನ. 1999ರದು ಒಡಿಶಾ ಗಾಳಿ. ಹೆಸರು ಕೇಳಿದ ಕೂಡಲೇ ಯಾರು ಸತ್ತರು, ಯಾರ ಮನೆ ಹೋಯ್ತು ಅಂತ ಗೊತ್ತಾಗುತ್ತೆ. ಈಗಿನ ಹೆಸರುಗಳನ್ನು ಕೇಳಿ: ನಿಶಾ, ಥಾನೆ, ನೀಲಂ, ವರ್ದಾ, ಗಜ, ನಿವಾರ್, ಮ್ಯಾಂಡಸ್, ಮಿಚಾಂಗ್, ಫೆಂಗಲ್. ಇವು ಎಲ್ಲಿ ಯಾರನ್ನು ಮುಳುಗಿಸಿದವು ಅಂತ ಹೆಸರು ಹೇಳುತ್ತಾ? 2011ರ ಥಾನೆಯನ್ನು ತಮಿಳು ಪತ್ರಿಕೆಗಳು 'ತಾನೇ' ಅಂತ ಬರೆದವು. ಕಡಲೂರಿನ ಗೋಡಂಬಿ ತೋಪು ಹಲಸಿನ ತೋಪು ನೆಲಸಮ ಆದವು. ಯಾರು ಮಾಡಿದ್ದು ಅಂತ ಕೇಳಿದರೆ ತಮಿಳಲ್ಲೂ ಕನ್ನಡದಲ್ಲೂ ಒಂದೇ ಉತ್ತರ: ತಾನೇ ಬಂತು, ತಾನೇ ಹೋಯ್ತು! ಯಾರ ಮೇಲೂ ಹೊಣೆ ಇಲ್ಲದ ಹೆಸರು.

ನನ್ನ ಮಾತಿನ ತಿರುಳು ಇಷ್ಟು. ಹೆಸರು ಹೊಸದು ಬಂದ ಹಾಗೆಲ್ಲ ಹಾನಿಯೂ ಹೊಸದು ಅಂತ ನಮ್ಮನ್ನು ನಂಬಿಸ್ತಾರೆ. 'ಇಂಥ ಮಳೆ ಯಾವತ್ತೂ ಕಂಡಿಲ್ಲ' ಅಂತಾರೆ. ಮಳೆ ಹೆಚ್ಚು ಬಂದದ್ದು ನಿಜ, ನಾನು ಇಲ್ಲ ಅನ್ನೋದಿಲ್ಲ. ಆದರೆ ನೀರು ಒಡೆದು ಹೋದದ್ದು ಹೋದ ಸಲ ಒಡೆದ ಜಾಗದಲ್ಲೇ. ಕೋಡಿ ಹಳ್ಳ ಮುಚ್ಚಿ ಅಂಗಡಿ ಕಟ್ಟಿದ ಜಾಗದಲ್ಲೇ. ಮರಳು ತೆಗೆದು ಗುಂಡಿ ಮಾಡಿದ ಜಾಗದಲ್ಲೇ. ತೂಬಿನ ಬಾಗಿಲು ತುಕ್ಕು ಹಿಡಿದು ಎತ್ತೋದಕ್ಕೆ ಆಗದ ಜಾಗದಲ್ಲೇ. ಅವಕ್ಕೆ ಮಾತ್ರ ಹೆಸರು ಬದಲಾಗೋದಿಲ್ಲ. ಕಡಲಿನ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಬರಬಾರದು ಅಂತ ಅಷ್ಟು ಹುಷಾರಾಗಿ ನೋಡ್ಕೊಳ್ತಾರೆ. ಒಂದೇ ಏರಿ ಎರಡು ಸಲ ಒಡೆಯಬಾರದು ಅಂತ ಕಟ್ಟಳೆ ಯಾಕಿಲ್ಲ?

ನಮ್ಮ ವಾಚನಾಲಯದಲ್ಲಿ ಇದನ್ನು ಹೇಳಿದಾಗ ಒಬ್ಬ ಮೇಷ್ಟ್ರು ಎದುರು ವಾದ ಹೂಡಿದರು. "ಹೆಸರು ಇರೋದು ಎಚ್ಚರಿಕೆ ಕೊಡೋಕೆ ಕಣಣ್ಣ. ಕಡಲಲ್ಲಿ ಒಂದೇ ಹೊತ್ತಿಗೆ ಎರಡು ಗಾಳಿ ಎದ್ದರೆ ಮೀನುಗಾರರಿಗೆ ಯಾವುದು ಅಂತ ಹೇಳೋದು? ರೇಡಿಯೋದಲ್ಲಿ ಚಿಕ್ಕ ಹೆಸರು ಹೇಳಿದರೆ ಬೇಗ ತಲುಪುತ್ತೆ" ಅಂದರು. ಮಾತು ಒಪ್ಪತಕ್ಕದ್ದೇ. 1999ರ ಒಡಿಶಾ ಗಾಳಿಗೆ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಅಲ್ಲಿಗೇ ಫೈಲಿನ್ ಬಂದಾಗ ಮುಂಚೆಯೇ ಲಕ್ಷಗಟ್ಟಲೆ ಜನರನ್ನು ಸಾಗಿಸಿದ್ದರಿಂದ ಸಾವು ಎಷ್ಟೋ ಕಡಿಮೆ ಆಯ್ತು. ಅದು ಎಚ್ಚರಿಕೆಯ ಪುಣ್ಯ. ಅದನ್ನು ಮಾಡಿದವರಿಗೆ ಕೈ ಮುಗೀತೀನಿ.

ಆದರೆ ಮೇಷ್ಟ್ರೇ, ಆ ಎಚ್ಚರಿಕೆ ದಡದಲ್ಲೇ ಯಾಕೆ ನಿಲ್ಲುತ್ತೆ ಅಂತ ನಾನು ಕೇಳೋದು. ಮೀನುಗಾರನ ಜೀವಕ್ಕೆ ಹೆಸರು ಬೇಕು ಅಂದರೆ ರೈತನ ಜೀವಕ್ಕೂ ಬೇಕು. ಮಳೆಯ ಎಚ್ಚರಿಕೆಗೆ ಕೆಂಪು, ಕಿತ್ತಳೆ, ಹಳದಿ ಬಣ್ಣ ಇದೆ ಅಂತೀರಿ. ಇದೆ. ಅದು ಜಿಲ್ಲೆಗೆಲ್ಲ ಒಂದೇ ಬಣ್ಣ. ನನ್ನ ಊರಿನ ಮೇಲಿನ ಕೆರೆ ಎಷ್ಟು ತುಂಬಿದೆ, ಎಷ್ಟು ಹೊತ್ತಿಗೆ ಕೋಡಿ ಬೀಳುತ್ತೆ ಅಂತ ಆ ಬಣ್ಣ ಹೇಳುತ್ತಾ?

ಹೇಳಿದರೂ ಯಾವ ಮಾತಲ್ಲಿ ಹೇಳ್ತಾರೆ ಅನ್ನೋದು ಇನ್ನೊಂದು. ನಮ್ಮ ಸೀಮೆಯಲ್ಲಿ ತಮಿಳು, ಕನ್ನಡ, ತೆಲುಗು ಮೂರೂ ಆಡ್ತೀವಿ. ಕನ್ನಡದಲ್ಲಿ ಕೆರೆ ಅಂದ್ರೆ ನೀರು ನಿಲ್ಲೋದು, ಏರಿ ಅಂದ್ರೆ ಅದರ ಕಟ್ಟೆ. ತಮಿಳಲ್ಲಿ ಏರಿ ಅಂದ್ರೆ ನೀರು ನಿಲ್ಲೋದು, ಕರೈ ಅಂದ್ರೆ ದಂಡೆ. ಹೆಸರು ಎರಡೂ ಅಕ್ಕಪಕ್ಕದ ಮನೆಯವರು ಬದಲಾಯಿಸಿಕೊಂಡ ಹಾಗೆ ಇದೆ. ಆಟೋದಲ್ಲಿ ಮೈಕು ಕಟ್ಟಿ "ಏರಿ ನಿರಂಬಿಡುಚ್ಚು" ಅಂತ ಕೂಗಿಕೊಂಡು ಹೋದರೆ, ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಅರಿಯದ ಮುದುಕಿ "ಏರಿ ಮೇಲೆ ಅಷ್ಟೊಂದು ಜನ ಯಾಕೆ ತುಂಬವ್ರೆ?" ಅಂತ ಕೇಳ್ತಾಳೆ. ನಗಬೇಡಿ. ಒಂದು ಹೆಸರು ಎರಡು ಅರ್ಥ ಕೊಟ್ಟರೆ ಜೀವ ಹೋಗುತ್ತೆ ಅಂತಲೇ ಅಲ್ವಾ ಹದಿಮೂರು ದೇಶದವರು ಕೂತು ಹೆಸರು ಆರಿಸಿದ್ದು? ಆ ಹುಷಾರಿನಲ್ಲಿ ನೂರನೇ ಒಂದು ಪಾಲು ನಮ್ಮ ಊರಿನ ಮೈಕಿನ ಮೇಲೆ ಇರಲಿ.

ಹಿಂದೆ ನೀರುಗಂಟಿ ಅಂತ ಒಬ್ಬ ಇದ್ದ. ಮಳೆ ಜೋರಾದರೆ ರಾತ್ರಿಯೆಲ್ಲ ಏರಿ ಮೇಲೆ ಕಂಬಳಿ ಹೊದ್ದು ಕೂರ್ತಿದ್ದ. ನೀರು ಗುರುತಿನ ಕಲ್ಲು ಮುಟ್ಟಿದರೆ ತಮಟೆ ಬಡಿಸ್ತಿದ್ದ. ಅವನಿಗೆ ಊರಿನವರು ಸುಗ್ಗಿಯಲ್ಲಿ ಇಷ್ಟು ಕೊಳಗ ಅಂತ ರಾಗಿ ಕೊಡ್ತಿದ್ದರು. ಈಗ ನೀರುಗಂಟಿಯೂ ಇಲ್ಲ, ಕಲ್ಲೂ ಇಲ್ಲ. ಕಡಲ ಮೇಲೆ ಕಣ್ಣಿಡೋಕೆ ಆಕಾಶದಲ್ಲಿ ಉಪಗ್ರಹ ಇದೆ. ಕೆರೆ ಮೇಲೆ ಕಣ್ಣಿಡೋಕೆ ಕಂಬಳಿ ಹೊದ್ದ ಒಬ್ಬ ಮನುಷ್ಯ ಇಲ್ಲ.

ಆ ಮಳೆ ಆದಮೇಲೆ ನಾನೊಂದು ಪದ ಕಟ್ಟಿದೆ. ಅದರ ಪಲ್ಲವಿ ಇಷ್ಟೇ:

ಹೆಸರು ಕಡಲಿಗೆ ಹೋಯ್ತವ್ವಾ, ನೀರು ಹೊಲಕೆ ಬಂತವ್ವಾ
ಒಡೆದ ಏರಿ ಮೇಲೆ ಕೂತು ಕೇಳ್ತೀನಿ, ನಿನ್ನ ಹೆಸರೇನವ್ವಾ?

ಹಾಡಿದಾಗ ಹೆಂಗಸರು ಅಳ್ತಾರೆ. ಅತ್ತರೆ ಸಾಲದು ಅಂತಲೇ ಈ ಬರಹ.

ಹಾಗಾದರೆ ಏನು ಮಾಡಬೇಕು? ಒಂದು, ಗಾಳಿ ಇಳಿಯಿತು ಅಂತ ಹೆಸರು ಕಿತ್ತುಕೊಳ್ಳಬೇಡಿ. ಅದು ತಂದ ಮಳೆ ಕೊನೇ ಹಳ್ಳಿಯಲ್ಲಿ ನಿಲ್ಲೋ ತನಕ ಹೆಸರು ಅದರ ಬೆನ್ನ ಮೇಲೇ ಇರಲಿ. 'ಉಳಿಕೆ' ಅನ್ನೋ ಮಾತು ಬಿಡಿ. ಎರಡು, ಹೆಸರಿಗೆ ಜಾಗ ಸೇರಿಸಿ. ಕೋಡಿ ಮಾದಪ್ಪ ಅನ್ನೋ ಹಾಗೆ ಊತ್ತಂಗರೆ ಫೆಂಗಲ್, ಹರೂರು ಫೆಂಗಲ್ ಅಂತ ಬರೆಯಿರಿ. ನಾಳೆ ಪರಿಹಾರದ ಕಾಗದದಲ್ಲಿ ನಮ್ಮ ಊರು ಕಳೆದುಹೋಗೋದಿಲ್ಲ. ಮೂರು, ಒಡೆದ ಪ್ರತಿ ಏರಿಯ ಮೇಲೆ ಕಲ್ಲು ನೆಡಿ. ನೀರು ಎಲ್ಲಿವರೆಗೆ ಬಂತು, ಯಾವ ದಿನ ಬಂತು, ಏರಿಯನ್ನು ಯಾವಾಗ ಯಾರು ರಿಪೇರಿ ಮಾಡಿದರು, ಎಷ್ಟು ಖರ್ಚು ಅಂತ ಕೆತ್ತಿಸಿ. ಕಡಲಿನವರು ಹೆಸರು ಹೂತರೂ ನಾವು ಹೂಳೋದು ಬೇಡ. ಮತ್ತೆ ಅದೇ ಏರಿ ಒಡೆದರೆ ಆ ಕಲ್ಲಿನ ಮುಂದೆ ನಿಂತು ಲೆಕ್ಕ ಕೇಳೋಣ. ನಾಲ್ಕು, ಕೆರೆಗೊಬ್ಬ ನೀರುಗಂಟಿ ಬೇಕು, ಅವನಿಗೆ ಸಂಬಳ ಬೇಕು, ಅವನು ಕೂಗೋದು ಊರವರ ಮಾತಲ್ಲೇ ಇರಬೇಕು.

ಸರ್ಕಾರ ಮಾಡಲಿ ಅಂತ ಕೂರೋದಕ್ಕಿಂತ ಮೂರನೇದನ್ನು ನಾವೇ ಶುರು ಮಾಡಬಹುದು. ಕಲ್ಲು ನಮ್ಮ ಬೆಟ್ಟದಲ್ಲೇ ಇದೆ, ಕಲ್ಲು ಒಡೆಯೋರೂ ನಮ್ಮವರೇ. ಅಕ್ಷರ ಬರೆದುಕೊಡೋಕೆ ಈ ವಾಚನಾಲಯದ ಹುಡುಗರಿದ್ದಾರೆ.

ಕೊನೆಗೆ ಇನ್ನೊಂದು ಸಂಗತಿ. ಹೊಸ ಪಟ್ಟಿಯಲ್ಲಿ ನಮ್ಮ ದೇಶ ಕೊಟ್ಟ ಹದಿಮೂರು ಹೆಸರಲ್ಲಿ ಮೊದಲನೆಯದು ಗತಿ, ಎರಡನೆಯದು ತೇಜ್. ಎರಡೂ ಬಂದು ಹೋದವು. ಮೂರನೆಯದು ಮುರಸು. ಹಳೇ ತಮಿಳಿನ ಮಾತು, ಅರ್ಥ ಭೇರಿ, ನಗಾರಿ. ರಾಜರ ಕಾಲದಲ್ಲಿ ಊರಿಗೆ ಸುದ್ದಿ ಸಾರಬೇಕಾದರೆ ಅದನ್ನೇ ಬಾರಿಸುತ್ತಿದ್ದದ್ದು. ಒಳ್ಳೇ ಹೆಸರು, ನನ್ನಂಥ ಪದಗಾರನಿಗೆ ಸಂತೋಷ. ಇದನ್ನು ಬರೆಯೋ ಹೊತ್ತಿಗೆ ಅದರ ಸರದಿ ಇನ್ನೂ ಬಂದಿಲ್ಲ. ಬಂದೇ ಬರುತ್ತೆ. ಆವತ್ತು ಟೀವಿಯಲ್ಲಿ ಮುರಸು ಮುರಸು ಅಂತ ದಿನವೆಲ್ಲ ಕೂಗ್ತಾರೆ. ದಡ ದಾಟಿದ ಮೇಲೆ ಸುಮ್ಮನಾಗ್ತಾರೆ. ಅಷ್ಟರೊಳಗೆ ನಮ್ಮ ಏರಿ ಮೇಲೆ ನಿಜವಾದ ತಮಟೆ ಹಿಡಿದ ಒಬ್ಬ ನಿಂತಿರಬೇಕು. ಭೇರಿಯ ಹೆಸರನ್ನು ಗಾಳಿಗೆ ಇಟ್ಟು, ಊರಲ್ಲಿ ಬಡಿಯೋಕೆ ಒಂದು ತಮಟೆಯೂ ಇಲ್ಲ ಅಂದರೆ ಆ ಹೆಸರಿಗೇ ಅವಮಾನ.